ಟಿಕ್ ಅಂದಿದ್ದು ಕೇಳಿಸ್ತಾ?

ಪಕ್ಕದ ಮನೆಯ ಆರ್ಲಿಸ್ ಕೊವಾಲ್ಕೆ ತನ್ನ ಅತ್ತೆಯನ್ನು ಗ್ಯಾರೇಜಿನಲ್ಲಿ ಮಲಗಿಸಿದ್ದಾಳೆ ಎಂದು ನಾನು ಒಂದು ವಾರ ನಂಬಿದ್ದೆ.

ವೆಸ್ಟ್ ಆಲಿಸ್‌ನ ಆ ಬೀದಿಗೆ ನಾವು ಹೊಸಬರು. ಮನೆಯಲ್ಲಿ ಅರ್ಧ ಸಾಮಾನು ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ನವೆಂಬರ್ ತಿಂಗಳು. ಎರಡು ಮನೆಗಳ ನಡುವೆ ಒಂದು ಹಲಗೆ ಬೇಲಿ, ಬೇಲಿಯಾಚೆ ಅವರ ಗ್ಯಾರೇಜು. ಎಲೆ ಗುಡಿಸಲು ಹಿತ್ತಲಿಗೆ ಹೋದಾಗಲೆಲ್ಲ ಒಳಗಿನಿಂದ ಹೆಂಗಸಿನ ದನಿ. "ಮೈ ಸ್ವಲ್ಪ ಬಿಸಿ ಆಗ್ಲಿ, ಆಮೇಲೆ ನೋಡೋಣ." ಇನ್ನೊಂದು ದಿನ, "ಉಸಿರಾಟ ಪರವಾಗಿಲ್ಲ. ಆ ಕೆಮ್ಮು ಮಾತ್ರ ನನಗೆ ಹಿಡಿಸ್ತಾ ಇಲ್ಲ." ತುಸು ದೂರದಿಂದ ಗಂಡಸಿನ ದನಿ, "ಹೊದಿಕೆ ತರ್ಲಾ?" ಒಂದು ಮಧ್ಯಾಹ್ನ ಆಕೆ ರಬ್ಬರ್ ಕೈಗವಸು ತೊಟ್ಟು, ಮುಚ್ಚಳ ಹಾಕಿದ ಬಕೆಟ್ಟೊಂದನ್ನು ಮೈಗೆ ತಾಗದಂತೆ ಹಿಡಿದು ಹೊರಗೆ ಒಯ್ದದ್ದನ್ನೂ ಕಂಡೆ. ಅಷ್ಟು ದೊಡ್ಡ ಮನೆಯಲ್ಲಿ ಮುದುಕಿಗೊಂದು ಕೋಣೆ ಇಲ್ಲದೆ ಹೋಯಿತೇ ಎಂದು ಸಿಟ್ಟು ಬಂತು. ಆದರೂ, ಯಾರಾದರೂ ಹಾಸಿಗೆ ಹಿಡಿದರೆ ನಮ್ಮ ಕಡೆ ಅಡುಗೆ ಮಾಡಿ ಒಯ್ಯುವುದುಂಟು, ಅದನ್ನು ಬಿಡಬಾರದಲ್ಲ. ಟ್ಯೂನಾ ಮೀನು, ನೂಡಲ್ಸು, ಮೇಲೆ ಪುಡಿ ಮಾಡಿದ ಆಲೂಗಡ್ಡೆ ಚಿಪ್ಸು ಉದುರಿಸಿ ಓವನ್ನಿನಲ್ಲಿ ಬೇಯಿಸಿದ ದೊಡ್ಡ ತಟ್ಟೆಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ.

ಬಾಗಿಲು ತೆರೆದವನು ಗಂಡ ನಾರ್ಬರ್ಟ್. ನಾನು ದನಿ ತಗ್ಗಿಸಿ, "ಈಗ ಹೇಗಿದ್ದಾರೆ?" ಎಂದೆ.

"ನಿನ್ನೆಗಿಂತ ವಾಸಿ," ಎಂದ ಆತ, ನನಗಿಂತ ಗಂಭೀರವಾಗಿ. "ಅವಳು ಪಕ್ಕದಲ್ಲೇ ಇದ್ದಾಳೆ. ಬನ್ನಿ. ಆದ್ರೆ ಹಳದಿ ಪಟ್ಟಿ ದಾಟ್ಬೇಡಿ."

ಗ್ಯಾರೇಜಿನ ನೆಲದ ಮೇಲೆ ಅಡ್ಡಕ್ಕೆ ಒಂದು ಹಳದಿ ಟೇಪು ಅಂಟಿಸಿತ್ತು. ಅದರಾಚೆ, ಉಣ್ಣೆಯ ಹೊದಿಕೆ ಹೊದ್ದು, ಬೆಳ್ಳಿ ಬಣ್ಣದ ಗಿಡ್ಡ ಕಾರೊಂದು ಹಿಂಭಾಗ ಎತ್ತಿಕೊಂಡು ನಿಂತಿತ್ತು. ಅದರ ಹಿಂಭಾಗದ ಅಡಿಯಿಂದ ಕಾಲುಚೀಲ ಹಾಕಿದ ಎರಡು ಪಾದಗಳು ಹೊರಗೆ ಚಾಚಿಕೊಂಡಿದ್ದವು. ನಾರ್ಬರ್ಟ್ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡ. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಅಡುಗೆ ಅನ್ನೋದೇ ಇರುವುದಿಲ್ಲ, ದೇವರು ಕಳಿಸಿದ ಹಾಗೆ ಬಂದಿರಿ ಎಂದು ಹೇಳಿ ನಿಂತಲ್ಲೇ ತಿನ್ನತೊಡಗಿದ. ನಾನು ಏನೆಂದುಕೊಂಡು ಬಂದೆ ಎಂಬುದನ್ನು ಹೇಳಲಿಲ್ಲ. ಬಕೆಟ್ಟಿನಲ್ಲಿದ್ದದ್ದು ಹಳೆಯ ಆಯಿಲ್ ಎಂದೂ, ಅತ್ತೆ ಫ್ಲೋರಿಡಾದಲ್ಲಿ ಗಟ್ಟಿಮುಟ್ಟಾಗಿದ್ದು ವಾರಕ್ಕೆರಡು ಸಲ ಬೌಲಿಂಗ್ ಆಡುತ್ತಾರೆಂದೂ ಆಮೇಲೆ ತಿಳಿಯಿತು.

ಆರ್ಲಿಸ್‌ಗೆ ಆಗ ಅರವತ್ತರ ಹತ್ತಿರ. ಗಿಡ್ಡ ಆಳು, ಗಿಡ್ಡ ನರೆಗೂದಲು, ಕನ್ನಡಕಕ್ಕೊಂದು ದಾರ. ಹಲ್ಲಿನ ಡಾಕ್ಟರು ವರ್ನನ್ ಥೀಲ್ಕೆಯವರ ಪಕ್ಕದಲ್ಲಿ ಮೂವತ್ತು ವರ್ಷ ನಿಂತು, ಅವರು ಅಂಗೈ ಚಾಚಿದರೆ ಸಾಕು, ಬೇಕಾದ ಉಪಕರಣವನ್ನು ಅದರಲ್ಲಿಡುವ ಕೆಲಸ ಮಾಡಿದವಳು. ಡಾಕ್ಟರು ಕ್ಲಿನಿಕ್ ಮುಚ್ಚಿ ಅರಿಜೋನಾದ ಬಿಸಿಲಿಗೆ ಹೊರಟಾಗ, ಇಂಥ ಸಂದರ್ಭಗಳಲ್ಲಿ ಕೊಡುವ ಗೋಡೆ ಗಡಿಯಾರ ಬಿಟ್ಟು, ತಾವು ಎಂಬತ್ತರ ದಶಕದಲ್ಲಿ ಕೊಂಡಿದ್ದ ಪೋರ್ಷೆ ಕಾರಿನ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟರು. ಕರಾರು ಬಾಯಿಮಾತಿನದು. ಸರ್ವಿಸಿಗೆ ನುರಿತ ಮೆಕ್ಯಾನಿಕ್ಕಿನ ಒಳ್ಳೆಯ ಕೈಗೇ ಕೊಡಬೇಕು. ನೋಡಿಕೊಳ್ಳುವುದು ಕೈಲಾಗದು ಅನ್ನಿಸಿದ ದಿನ ಬೇರೆ ಯಾರಿಗೂ ಅಲ್ಲ, ತಮಗೇ ವಾಪಸು ಕೊಡಬೇಕು. ಕಾಗದದಲ್ಲಿ ಕಾರು ಆರ್ಲಿಸಳದ್ದೇ. ಆದರೆ ಆಕೆ ಕಾಗದಕ್ಕಿಂತ ಮಾತಿಗೆ ಹೆದರುವ ಪೈಕಿ.

ಒಳ್ಳೆಯ ಕೈಗೆ ಕೊಟ್ಟೂ ನೋಡಿದಳಂತೆ. ಬೆಳಿಗ್ಗೆ ಕಾರು ಬಿಟ್ಟು, ಸಂಜೆಯವರೆಗೆ ಅಲ್ಲೇ ಗಾಜಿನ ಕಿಟಕಿಗೆ ಮೂಗು ಒತ್ತಿ ನಿಂತು, ಆ ಬೋಲ್ಟು ಬಿಗಿ ಮಾಡಿದ್ರಾ, ಈ ಮುಚ್ಚಳ ಹಾಕಿದ್ರಾ ಎಂದು ಸನ್ನೆಯಲ್ಲೇ ಕೇಳಿದಳು. ಮುಂದಿನ ಸಲ ಫೋನು ಮಾಡಿದಾಗ ಅಲ್ಲಿಯವರು ಬಹಳ ಮರ್ಯಾದೆಯಿಂದ ಬೇರೊಂದು ಗ್ಯಾರೇಜಿನ ಹೆಸರು ಹೇಳಿದರು. ಅಲ್ಲಿಂದಾಚೆಗೆ ಆಯಿಲ್ ಬದಲಾಯಿಸುವುದು, ಬ್ರೇಕು ನೋಡುವುದು, ಗಾಳಿಯ ಫಿಲ್ಟರು ತೆಗೆದು ಹಾಕುವುದು ಎಲ್ಲ ಆಕೆಯದೇ ಕೈ. ಡಾಕ್ಟರಿಗೆ ಮಾತ್ರ ಪ್ರತಿ ಕ್ರಿಸ್‌ಮಸ್‌ಗೆ "ಕಾರು ಒಳ್ಳೆ ಕೈಯಲ್ಲಿದೆ" ಎಂದು ಕಾರ್ಡು ಹೋಗುತ್ತಿತ್ತು. ಸುಳ್ಳೇನೂ ಅಲ್ಲ. ಆದರೆ ಕಾರ್ಡು ಅಂಚೆಗೆ ಹಾಕಿದ ದಿನ ಆಕೆಗೆ ಊಟ ಸೇರುತ್ತಿರಲಿಲ್ಲ.

ಕೈಯೇನೋ ಒಳ್ಳೆಯದೇ, ಆದರೆ ಆ ಕೈಯ ಮೇಲೆ ಆಕೆಗೇ ನಂಬಿಕೆ ಇಲ್ಲ. ಒಂದು ತರಹದ ಸ್ಪ್ಯಾನರ್ ಇದೆ; ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಅಳತೆ ಇಟ್ಟು ತಿರುಗಿಸಿದರೆ ಅಷ್ಟಾದ ಕೂಡಲೇ ಟಿಕ್ ಎನ್ನುತ್ತದೆ. ಮನುಷ್ಯರ ಅನುಮಾನ ಕಳೆಯಲೆಂದೇ ಮಾಡಿದ ಸಾಧನ. ಆರ್ಲಿಸ್ ಅದನ್ನು ತಿರುಗಿಸಿ, ಟಿಕ್ ಕೇಳಿ, ಕೇಳಿದ್ದು ಟಿಕ್ಕೋ ತನ್ನ ಮೊಣಕೈಯೋ ಎಂದು ಯೋಚನೆಗೆ ಬೀಳುತ್ತಿದ್ದಳು. ಇದಕ್ಕೆಂದು ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೆ ಒಂದು ಗೆರೆ ಎಳೆಯುವ ಪದ್ಧತಿ ಮಾಡಿಕೊಂಡಳು, ತನ್ನದೇ ಹವಳದ ಬಣ್ಣದ ಉಗುರು ಬಣ್ಣದಿಂದ. ಕಾರಿನ ಹೊಟ್ಟೆಯ ಕೆಳಗೆ ಟಾರ್ಚು ಬಿಟ್ಟರೆ ಮದುವೆಗೆ ಹೊರಟ ಹೆಂಗಸರ ಕೈ ಕಂಡ ಹಾಗೆ ಕಾಣುತ್ತಿತ್ತು. ಆಮೇಲೆ, ಗೆರೆ ಎಳೆದದ್ದು ಬಿಗಿ ಮಾಡುವ ಮೊದಲೋ ಆಮೇಲೋ ಎಂಬ ಹೊಸ ಯೋಚನೆ ಹುಟ್ಟಿತು.

ನನಗೆ ಆ ಮನೆಯಲ್ಲಿ ಕೆಲಸ ಸಿಕ್ಕಿದ್ದು ಹೀಗೆ. ಬೇಲಿಯ ಮೇಲಿಂದ ಕರೆ ಬರುತ್ತಿತ್ತು. ಹೋಗಿ ಮೊಣಕಾಲೂರಿ ಕೂರುತ್ತಿದ್ದೆ. ಕೆಳಗಿನಿಂದ, "ಟಿಕ್ ಅಂದಿದ್ದು ಕೇಳಿಸ್ತಾ?"

"ಕೇಳಿಸ್ತು."

"ಖಂಡಿತವಾಗ್ಲೂ?"

"ಖಂಡಿತವಾಗ್ಲೂ ಕೇಳಿಸ್ತು ರೀ."

ಆಗ ಉಗುರು ಬಣ್ಣದ ಸೀಸೆ ಕೊಡಬೇಕು. ಯಾವ ಕಚೇರಿಯಲ್ಲೂ ನನ್ನ ಮಾತಿಗೆ ಇಷ್ಟು ಬೆಲೆ ಇರಲಿಲ್ಲವಾದ್ದರಿಂದ ಈ ಹುದ್ದೆಯನ್ನು ನಾನು ಬಹಳ ಹಚ್ಚಿಕೊಂಡೆ. ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದಾಗ "ಬಿಗಿ ಮಾಡ್ತಿದೀವಿ" ಎಂದು ಬಹುವಚನದಲ್ಲಿ ಉತ್ತರ ಕೊಡತೊಡಗಿದೆ.

ಈ ಹುದ್ದೆ ಗಂಡನಿಗೇ ಏಕೆ ಸಿಗಲಿಲ್ಲ ಎಂದರೆ, ಹಳದಿ ಟೇಪು ಅಂಟಿಸಿದ್ದೇ ನಾರ್ಬರ್ಟ್‌ಗಾಗಿ. ಆ ಕಾರಿನಲ್ಲಿ ಇಂಜಿನ್ ಹಿಂದುಗಡೆ, ಆಯಿಲ್‌ಗೆ ಪ್ರತ್ಯೇಕ ಟ್ಯಾಂಕು. ಕಾರು ನಿಂತು ತಣ್ಣಗಾದರೆ ಆಯಿಲ್ ಟ್ಯಾಂಕಿನಿಂದ ಇಂಜಿನ್ನಿಗೆ ಇಳಿದು ಕೂತುಬಿಡುತ್ತದೆ. ಆಗ ಅಳತೆ ಕಡ್ಡಿ ಎಳೆದು ನೋಡಿದರೆ ಒಂದು ತೊಟ್ಟೂ ಇಲ್ಲವೆಂದೇ ತೋರುತ್ತದೆ. ಇಂಜಿನ್ ಬಿಸಿಯಾಗಿ, ಓಡುತ್ತಿರುವಾಗಲೇ ಅಳೆಯಬೇಕು. ನಾವೆಲ್ಲ ನಮ್ಮ ನಮ್ಮ ಕಾರುಗಳನ್ನು ಅಳೆಯುವುದಕ್ಕೆ ಸರಿಯಾಗಿ ಉಲ್ಟಾ. ನಾರ್ಬರ್ಟ್ ಒಂದು ಭಾನುವಾರ ಹೆಂಡತಿಗೆ ಸಹಾಯ ಮಾಡೋಣವೆಂದು ತಣ್ಣನೆಯ ಕಾರಿನ ಕಡ್ಡಿ ಎಳೆದ, ಹೌಹಾರಿದ, ಕೈಗೆ ಸಿಕ್ಕ ಬಾಟಲಿಗಳನ್ನು ಬಗ್ಗಿಸಿದ. ಸಂಜೆ ಕಾರು ಶುರು ಮಾಡಿದಾಗ ಹೆಚ್ಚಾದ ಆಯಿಲ್ ಗಾಳಿಯ ದಾರಿಗೆ ನುಗ್ಗಿ ಬೀದಿಯೆಲ್ಲ ಹೊಗೆ. ಎದುರು ಮನೆಯವರು ಅಗ್ನಿಶಾಮಕ ದಳಕ್ಕೆ ಫೋನು ಮಾಡಿದರು. ಮರುದಿನ ಟೇಪು ಬಿತ್ತು. ಅಂದಿನಿಂದ ನಾರ್ಬರ್ಟ್ ಹಳದಿಯ ಈಚೆ ನಿಂತು, ಬೇಕೆಂದದ್ದನ್ನು ಕೈ ಚಾಚಿ ಕೊಡುತ್ತಿದ್ದ. ಕಾರಿನೊಳಗೆ ಇಲಿ ಗೂಡು ಕಟ್ಟದಿರಲೆಂದು ಇಡುವ, ಬಟ್ಟೆ ಒಣಗಿಸುವ ಯಂತ್ರದ ಪರಿಮಳದ ಹಾಳೆಗಳನ್ನು ಬದಲಾಯಿಸುವ ಕೆಲಸ ಮಾತ್ರ ಅವನದೇ ಉಳಿದಿತ್ತು. ಹಾಗಾಗಿ ಆ ಕಾರು ಹೊಸದಾಗಿ ಒಗೆದ ಬೆಡ್‌ಶೀಟಿನ ವಾಸನೆ ಬೀರುತ್ತಿತ್ತು.

ಇನ್ನು ಗೇಲಾರ್ಡ್ ಹಿಂಟ್ಸ್. ಊರಿನ ಪೋರ್ಷೆ ಕ್ಲಬ್ಬಿನ ಅಧ್ಯಕ್ಷ. ಶನಿವಾರ ಬೆಳಿಗ್ಗೆ ಕಸ್ಟರ್ಡ್ ಐಸ್‌ಕ್ರೀಮ್ ಅಂಗಡಿಯ ಮುಂದೆ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಒಬ್ಬರ ಕಾರಿಗೆ ಇನ್ನೊಬ್ಬರು ತಲೆದೂಗುವುದು ಕ್ಲಬ್ಬಿನ ಕಾರ್ಯಕ್ರಮ. ಗೇಲಾರ್ಡ್ ಮೇಣ ಉಜ್ಜುವ ಬಟ್ಟೆ ಬಿಟ್ಟು ಬೇರೆ ಯಾವುದನ್ನೂ ಹಿಡಿದು ತನ್ನ ಕಾರಿನ ಹತ್ತಿರ ಹೋದವನಲ್ಲ. ಇಂಜಿನ್ನಿನ ಮುಚ್ಚಳ ಎತ್ತುವುದನ್ನು ಆತ ಪರಸ್ತ್ರೀಯ ಸೆರಗು ಎಳೆಯುವುದಕ್ಕೆ ಸಮಾನವೆಂದು ಭಾವಿಸಿದ್ದ. ಆರ್ಲಿಸಳ ಉಗುರುಗಳ ಸಂದಿಯಲ್ಲಿ ಕಪ್ಪು ಕಂಡ ದಿನವೇ ಕಾರಿಗೆ ಕೈ ಹಾಕುತ್ತಿರುವುದು ಇವಳೇ ಎಂದು ಅವನಿಗೆ ಗುಮಾನಿ ಹುಟ್ಟಿತು. ಚಳಿಗಾಲ ಮುಗಿಯುವ ಹೊತ್ತಿಗೆ ಅದು ಅರಿಜೋನಾದಲ್ಲಿದ್ದ ಡಾಕ್ಟರ ಕಿವಿಯವರೆಗೆ ಹೋಯಿತು.

ಮಾರ್ಚ್ ಕೊನೆಗೆ ಡಾಕ್ಟರ ಫೋನು ಬಂತು. ಏಪ್ರಿಲ್‌ನಲ್ಲಿ ಬರುತ್ತಿದ್ದಾರೆ, ಒಂದು ಶುಕ್ರವಾರ. ಕಾರಿನಲ್ಲಿ ಒಂದು ಸುತ್ತು ಹೊಡೆದು, ಆಮೇಲೆ ಎಲ್ಲರೂ ಮೀನು ತಿನ್ನಲು ಹೋಗುವುದು. "ಅವತ್ತು ಕಾರಿನ ವಿಷ್ಯಾನೂ ಸ್ವಲ್ಪ ಮಾತಾಡೋಣ," ಎಂದರಂತೆ.

ಆರ್ಲಿಸ್ ಅದನ್ನು ಬೇಲಿಯ ಹತ್ತಿರ ನನಗೆ ಹೇಳಿದಾಗ ಮುಖ ಬಿಳುಚಿಕೊಂಡಿತ್ತು. "ವಾಪಸ್ ಕೇಳೋಕೇ ಬರ್ತಿರೋದು," ಎಂದಳು. "ಕೇಳಿದ್ರೆ ಕೊಟ್ಟೇ ಕೊಡ್ತೀನಿ. ಮಾತು ಕೊಟ್ಟಿದೀನಲ್ಲ." ಬೇಲಿಯ ಹಲಗೆಯೊಂದು ಗಟ್ಟಿಯಿದೆಯೇ ಎಂದು ಅಲ್ಲಾಡಿಸಿ ನೋಡಿ, "ಕೊಟ್ಟಮೇಲೆ ಸಾಯಂಕಾಲ ಏನು ಮಾಡ್ಲಿ?" ಎಂದಳು. ನಾನು ತೋಟಗಾರಿಕೆ ಎಂದೆ. ಆಕೆ ನನ್ನನ್ನು ನೋಡಿದ ನೋಟಕ್ಕೆ ಮುಂದಿನ ವಾಕ್ಯ ನುಂಗಿಕೊಂಡೆ.

ಮೊದಲ ಚಿಂತೆ ಉಪ್ಪಿನದು. ಹಿಮ ಕರಗಿಸಲು ಚಳಿಗಾಲವೆಲ್ಲ ರಸ್ತೆಗೆ ಸುರಿದ ಉಪ್ಪು ಇನ್ನೂ ಹಾಗೇ ಬೆಳ್ಳಗೆ ಕೂತಿತ್ತು. ಉಪ್ಪು ತಗುಲಿದರೆ ತುಕ್ಕು; ಅದು ಒಂದು ಒಳ್ಳೆ ಮಳೆಗೆ ತೊಳೆದು ಹೋಗುವವರೆಗೆ ಇಂಥ ಕಾರುಗಳನ್ನು ಯಾರೂ ಹೊರಗೆ ಇಳಿಸುವುದಿಲ್ಲ. ಇಳಿಸಿದವನ ಜೊತೆ ಕ್ಲಬ್ಬಿನಲ್ಲಿ ಮಾತು ನಿಲ್ಲುತ್ತದೆ. ಆಕಾಶ ನೋಡಿ ನೋಡಿ ಆರ್ಲಿಸಳ ಕತ್ತು ಹಿಡಿದುಕೊಂಡಿತು. ಡಾಕ್ಟರು ಬರುವ ವಾರ ಆಯಿಲ್ ಬದಲಾಯಿಸಿದಳು, ನಾನು ಎಲ್ಲ ಟಿಕ್ಕುಗಳಿಗೂ ಸಾಕ್ಷಿಯಾದೆ, ಗೆರೆಗಳು ಬಿದ್ದವು. ಗುರುವಾರ ಮಳೆಯೂ ಬಂತು, ಚರಂಡಿಯಲ್ಲಿ ಹಾಲಿನಂಥ ನೀರು ಹರಿದು, ಸಂಜೆಗೆ ರಸ್ತೆ ಕಪ್ಪಗೆ ಹೊಳೆಯಿತು. ಚಿಂತಿಸಲು ಏನೂ ಉಳಿಯಲಿಲ್ಲ. ಆಕೆಯ ಮಟ್ಟಿಗೆ ಇದರಷ್ಟು ಕೆಟ್ಟ ಸ್ಥಿತಿ ಇನ್ನೊಂದಿಲ್ಲ.

ಶುಕ್ರವಾರ ಮಧ್ಯಾಹ್ನ ಆಕೆ ಚರ್ಚಿಗೆ ಹೋಗುವಾಗ ಹಾಕುವ ನೀಲಿ ಕೋಟು ತೊಟ್ಟು ಸಿದ್ಧವಾಗಿದ್ದಳು. ಡಾಕ್ಟರು ದಾರಿಯಲ್ಲಿದ್ದರು. ಬೇಲಿಯ ಮೇಲಿಂದ ನನಗೆ ಕರೆ. "ಸುಮ್ನೆ ಒಂದ್ಸಲ ನೋಡಿಬಿಡೋಣ," ಎಂದಳು.

ಕಡ್ಡಿ ಎಳೆದಳು. ಕಡ್ಡಿ ಒಣಗಿತ್ತು.

ಆಕೆ ನನ್ನ ಮುಖ ನೋಡಿದಳು. ನಾನು ಏನೂ ತಿಳಿಯದ ಹೊತ್ತಿನಲ್ಲಿ ಗಂಭೀರವಾಗಿ ಕಾಣುತ್ತೇನೆ, ಹಾಗೇ ಕಂಡೆ. ಕಾರಿನ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಟಾರ್ಚು ಬಿಟ್ಟಳು, ಒಂದು ಹನಿಯೂ ಇಲ್ಲ. "ಹಾಗಾದ್ರೆ ಎಲ್ಲಿ ಹೋಯ್ತು?" ಎಂದು ತನ್ನನ್ನೇ ಕೇಳಿಕೊಂಡಳು. ಬದಲಾಯಿಸಿದ ದಿನ ಪೂರ್ತಿ ಹಾಕಿದೆನೋ ಇಲ್ಲವೋ, ಬಾಟಲಿ ಎಣಿಸಿದೆನೋ ಇಲ್ಲವೋ ಎಂದು ಗೊಣಗುತ್ತಲೇ ಒಂದು ಬಾಟಲಿ ತೆಗೆದು ಬಗ್ಗಿಸಿದಳು. ಆಲಿಕೆ ಹಿಡಿದವನು ನಾನು. ಕಡ್ಡಿ ಮತ್ತೆ ಒಣ. ಇನ್ನೊಂದು ಬಾಟಲಿ. ಮೂರನೆಯದರ ಮುಚ್ಚಳ ತಿರುಗಿಸುತ್ತಿರುವಾಗ ಹಿಂದಿನಿಂದ ನಾರ್ಬರ್ಟ್‌ನ ದನಿ ಬಂತು. ಆತ ಹಳದಿ ಪಟ್ಟಿಗೆ ಹೆಬ್ಬೆರಳು ತಾಗಿಸಿ ನಿಂತಿದ್ದ.

"ಇಂಜಿನ್ ಆನ್ ಇದ್ಯಾ?"

ಮುಚ್ಚಳ ತಿರುಗಿಸುತ್ತಿದ್ದ ಆರ್ಲಿಸಳ ಬೆರಳು ಅಲ್ಲೇ ನಿಂತಿತು.

"ಸುಮ್ನೆ ಕೇಳ್ದೆ ಕಣೇ," ಎಂದ ನಾರ್ಬರ್ಟ್. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಆಕೆಗೆ ಎಷ್ಟೋ ಸುಲಭವಾಗುತ್ತಿತ್ತು.

ಆರ್ಲಿಸ್ ಬಾಟಲಿ ಕೆಳಗಿಟ್ಟಳು. ಇಷ್ಟು ವರ್ಷ ಬೇರೆಯವರಿಗೆ ಮಾಡಬೇಡಿ ಎಂದದ್ದು, ಗಂಡನನ್ನು ಗಡೀಪಾರು ಮಾಡಿದ್ದು ಯಾವ ತಪ್ಪಿಗೋ ಅದೇ ತಪ್ಪು, ಈ ದಿನವೇ. ಈಗ ಕಾರು ಶುರು ಮಾಡಿದರೆ ಡಾಕ್ಟರ ಎದುರು ಬೀದಿ ತುಂಬ ಹೊಗೆ. ಇವತ್ತು ಬ್ಯಾಟರಿ ಸತ್ತಿದೆ ಎಂದುಬಿಡೋಣ ಎಂದು ನಾನು ಸಲಹೆ ಕೊಟ್ಟೆ. ಆಕೆಗೆ ಕೇಳಿಸಲೇ ಇಲ್ಲ. ಜಾಕಿ ಎಳೆದುಕೊಂಡು ಬಂದು ಕಾರಿನ ಹಿಂಭಾಗ ಎತ್ತಿ, ಸ್ಟ್ಯಾಂಡು ಕೊಟ್ಟು, ಬಿಳಿ ಟವೆಲಿನ ಮೇಲೆ ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಖಾಲಿ ಐಸ್‌ಕ್ರೀಮ್ ಡಬ್ಬಿಯೊಂದಕ್ಕೆ ಎರಡು ಬಾಟಲಿಯ ಮಟ್ಟದಲ್ಲಿ ಉಗುರು ಬಣ್ಣದ ಗೆರೆ ಎಳೆದು, ನೀಲಿ ಕೋಟಿನ ಸಮೇತ ಕಾರಿನ ಕೆಳಗೆ ಸರಿದಳು.

ತಣ್ಣನೆಯ ಆಯಿಲ್ ಜೇನಿನ ಹಾಗೆ ಇಳಿಯುತ್ತದೆ. ನಾವು ಡಬ್ಬಿಯನ್ನೇ ನೋಡುತ್ತ ಕೂತೆವು. ಅದು ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಹೊರಗೆ ಕಾರಿನ ಸದ್ದು. ಗೇಲಾರ್ಡ್ ತಾನೇ ವಿಮಾನ ನಿಲ್ದಾಣಕ್ಕೆ ಹೋಗಿ ಡಾಕ್ಟರನ್ನು ಕರೆತಂದಿದ್ದ. ಇಂಥ ದೃಶ್ಯಕ್ಕೆ ತಾನಿಲ್ಲದಿದ್ದರೆ ಹೇಗೆ. ಡಾಕ್ಟರು ಎತ್ತರದ, ಬಿಸಿಲಿಗೆ ಬಾಡಿದ ಮನುಷ್ಯ, ಕೈಯಲ್ಲಿ ಕೋಲು. ಇಬ್ಬರೂ ಬಾಗಿಲಲ್ಲಿ ನಿಂತರು. ಅವರಿಗೆ ಕಂಡದ್ದು ಎರಡು ಪಾದ.

"ನಾನು ಹೇಳಿದ್ದು ಸುಳ್ಳಾ ಡಾಕ್ಟ್ರೇ?" ಎಂದ ಗೇಲಾರ್ಡ್.

"ಆರ್ಲಿಸ್?" ಎಂದರು ಡಾಕ್ಟರು.

"ಹೌದು ಡಾಕ್ಟ್ರೇ. ಎದ್ದು ಬರೋಕಾಗಲ್ಲ, ತೂತಿಗೆ ಬೆರಳು ಕೊಟ್ಟಿದೀನಿ."

"ಏನಾಯ್ತು?"

ಏನು ಬೇಕಾದರೂ ಹೇಳಬಹುದಿತ್ತು. ಗೇಲಾರ್ಡ್‌ಗೂ ಡಾಕ್ಟರಿಗೂ ಕಾರಿನ ಕೆಳಗೆ ಏನಿದೆ ಎಂದೇ ತಿಳಿಯದು. ನಾನು ಮನಸ್ಸಿನಲ್ಲೇ ಆಕೆಗಾಗಿ ಮೂರ್ನಾಲ್ಕು ಒಳ್ಳೆಯ ಸುಳ್ಳು ತಯಾರಿಸಿದ್ದೆ.

"ತಣ್ಣಗಿರುವಾಗ ಅಳೆದುಬಿಟ್ಟೆ," ಎಂದಿತು ಕೆಳಗಿನ ದನಿ. "ಎರಡು ಬಾಟಲಿ ಜಾಸ್ತಿ ಹಾಕ್ದೆ. ಅದನ್ನೇ ತೆಗೀತಿದೀನಿ. ಕಾರನ್ನ ಸರ್ವಿಸಿಗೆ ನಾನು ಯಾರ ಕೈಗೂ ಕೊಡ್ತಿಲ್ಲ ಡಾಕ್ಟ್ರೇ. ಇಷ್ಟು ವರ್ಷ ನಾನೇ ಮಾಡ್ಕೊಂಡು ಬಂದಿದೀನಿ."

ಗೇಲಾರ್ಡ್ ನಿಟ್ಟುಸಿರು ಬಿಟ್ಟ. ಅವನ ನಿಟ್ಟುಸಿರಿನಲ್ಲಿ ಇಡೀ ಕ್ಲಬ್ಬಿನ ನಿಟ್ಟುಸಿರಿತ್ತು. ಡಾಕ್ಟರು ಟವೆಲಿನ ಮೇಲಿನ ಸ್ಪ್ಯಾನರುಗಳ ಸಾಲನ್ನು ನೋಡುತ್ತ ನಿಂತರು, ಬಹಳ ಹೊತ್ತು.

ಅಷ್ಟರಲ್ಲಿ ಕಾರಿನಡಿಯಿಂದ ಒಂದು ಕೈ ಹೊರಬಂತು. ಅಂಗೈ ಮೇಲೆ. "ವಾಷರ್," ಎಂದಳು ಆರ್ಲಿಸ್.

ಅದು ನನಗೆ ಹೇಳಿದ್ದು. ಆಯಿಲ್ ತೂತಿನ ಬೋಲ್ಟು ಬಿಚ್ಚಿದಾಗಲೆಲ್ಲ ಹೊಸ ವಾಷರ್ ಹಾಕಲೇಬೇಕು, ಹಳೆಯದನ್ನು ಮತ್ತೆ ಹಾಕಿದರೆ ಸೋರುತ್ತದೆ. ಗೇಲಾರ್ಡ್ ಹಳೆಯದೇ ಸಾಕಲ್ಲ ಎಂದು ಮೊದಲ ಬಾರಿಗೆ ತಾಂತ್ರಿಕ ಅಭಿಪ್ರಾಯ ಕೊಟ್ಟ. ಹೊಸದು ನಾರ್ಬರ್ಟ್‌ನ ಹತ್ತಿರವಿತ್ತು. ಆತ ಪಟ್ಟಿ ದಾಟದೆ ಕೊಕ್ಕರೆಯಂತೆ ಬಾಗಿ ಕೈ ಚಾಚಿದ. ನಾನು ಏಳುವ ಮೊದಲೇ ಡಾಕ್ಟರು ಕೋಲನ್ನು ಗೋಡೆಗೊರಗಿಸಿ, ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಮೆಲ್ಲಗೆ ಕುಳಿತು, ವಾಷರನ್ನು ಇಸಿದುಕೊಂಡು ಆ ಅಂಗೈಯಲ್ಲಿಟ್ಟರು.

ಕೈ ಒಳಗೆ ಹೋಯಿತು. ಮತ್ತೆ ಬಂತು. "ಹದಿನೈದು."

ಡಾಕ್ಟರು ಸಾಲಿನ ಮೇಲೆ ಕಣ್ಣಾಡಿಸಿ ಹದಿನೈದರ ಅಳತೆಯ ಸ್ಪ್ಯಾನರನ್ನು ಎತ್ತಿ ಕೊಟ್ಟರು. ಸರಿಯಾದದ್ದನ್ನೇ. ಆಮೇಲೆ ಟಿಕ್ ಎನ್ನುವ ಸ್ಪ್ಯಾನರು. ಕೆಳಗೆ ಒಂದು ಸಣ್ಣ ಮುಲುಕು, ಆಮೇಲೆ ಸದ್ದು.

"ಟಿಕ್ ಅಂದಿದ್ದು ಕೇಳಿಸ್ತಾ?"

ನಾನು ಬಾಯಿ ತೆರೆದೆ. ಅದು ನನ್ನ ಹುದ್ದೆ.

"ಕೇಳಿಸ್ತು," ಎಂದರು ಡಾಕ್ಟರು.

ಹೊರಗೆ ಚಾಚಿದ್ದ ಎರಡು ಪಾದಗಳು ಒಮ್ಮೆಲೇ ನೆಟ್ಟಗಾದವು. ಉಪಕರಣ ಕೊಡುತ್ತಿದ್ದವರು ಯಾರೆಂದು ಆಕೆಗೆ ತಿಳಿದದ್ದು ಆಗಲೇ ಇರಬೇಕು. ಖಂಡಿತವಾಗ್ಲೂನಾ ಎಂದು ಕೇಳಲಿಲ್ಲ. ನಮ್ಮ ಇಷ್ಟು ದಿನಗಳ ಒಡನಾಟದಲ್ಲಿ ನನ್ನನ್ನು ಒಮ್ಮೆಯೂ ಎರಡನೆಯ ಸಲ ಕೇಳದೆ ಬಿಟ್ಟವಳಲ್ಲ. ನನಗೆ ತುಸು ಬೇಸರವೇ ಆಯಿತು. "ಬಣ್ಣ," ಎಂದು ಕೈ ಬಂದಾಗ ಡಾಕ್ಟರು ತಬ್ಬಿಬ್ಬಾಗಿ ಸುತ್ತ ನೋಡಿದರು. ಉಗುರು ಬಣ್ಣದ ಸೀಸೆಯನ್ನು ಅಂಗೈಯಲ್ಲಿಟ್ಟವನು ನಾನು.

ಕಾರು ಇಳಿಸಿ, ಶುರು ಮಾಡಿ, ಬಿಸಿಯಾಗುವವರೆಗೆ ಎಲ್ಲರೂ ಅದರ ಹಿಂಭಾಗವನ್ನೇ ನೋಡುತ್ತ ನಿಂತೆವು. ಹೊಗೆ ಬರಲಿಲ್ಲ. ಇಂಜಿನ್ ಓಡುತ್ತಿರುವಂತೆಯೇ ಆರ್ಲಿಸ್ ಕಡ್ಡಿ ಎಳೆದು ತೋರಿಸಿದಳು, ಆಯಿಲ್ ಸರಿಯಾಗಿ ನಡುವಿನಲ್ಲಿತ್ತು. ಗೇಲಾರ್ಡ್ ತನ್ನ ಕಾರಿನ ಕಡ್ಡಿ ಎಲ್ಲಿದೆ ಎಂದು ಬಲ್ಲವನಂತೆ ತಲೆಯಾಡಿಸಿದ. ಡಾಕ್ಟರು ಸ್ಟೇರಿಂಗ್ ಹಿಡಿದರು, ಆರ್ಲಿಸ್ ಪಕ್ಕದಲ್ಲಿ ಕೂತಳು. ಹೊರಟಾಗ ನೋಡಿದೆ: ಡಾಕ್ಟರು ಬೀದಿಯುದ್ದಕ್ಕೂ ನಗುತ್ತಿದ್ದರು, ಆಕೆ ಕತ್ತು ಹೊರಳಿಸಿ ಹಿಂದಿನ ಇಂಜಿನ್ನಿಗೆ ಕಿವಿ ಕೊಟ್ಟಿದ್ದಳು.

ಸಂಜೆ ಎಲ್ಲರೂ ಮೂಲೆಯ ಹೋಟೆಲಿನಲ್ಲಿ ಒತ್ತೊತ್ತಾಗಿ ಕೂತೆವು. ಕರಿದ ಮೀನು, ಆಲೂಗಡ್ಡೆ ದೋಸೆ, ಬಿಯರು. ಆರ್ಲಿಸ್ ಬೆಂಚಿನ ಒಳಮೂಲೆಯಲ್ಲಿ, ನೀಲಿ ಕೋಟಿನ ಬೆನ್ನಿಗೆ ಆಯಿಲ್ ಮೆತ್ತಿಕೊಂಡು, ತಟ್ಟೆ ಮುಟ್ಟದೆ ಕೂತಿದ್ದಳು. ಡಾಕ್ಟರು ಮಾತಾಡೋಣ ಎಂದಿದ್ದರಲ್ಲ, ಆ ಮಾತಿಗಾಗಿ ಕಾಯುತ್ತಿದ್ದಳು. ಗೇಲಾರ್ಡೂ ಕಾಯುತ್ತಿದ್ದ.

ಡಾಕ್ಟರು ಮೀನಿನ ಮೇಲೆ ನಿಂಬೆ ಹಿಂಡಿ, ಕ್ಲಿನಿಕ್ಕಿನ ಹಳೆಯ ಸುದ್ದಿ ತೆಗೆದರು. ಸಂಜೆ ಬಾಗಿಲು ಹಾಕಿದ ಮೇಲೆ ಈಕೆ ಕಾರಿನವರೆಗೆ ಬಂದು, ಮತ್ತೆ ವಾಪಸು ಹೋಗಿ ಬೀಗ ಎಳೆದು, ಉಪಕರಣ ಕುದಿಸುವ ಯಂತ್ರ ಆರಿದೆಯೇ ಎಂದು ಕಿಟಕಿಯಲ್ಲಿ ಇಣುಕಿ ಬರುತ್ತಿದ್ದಳಂತೆ, ಹಿಮ ಬೀಳುತ್ತಿದ್ದರೂ. "ಇವಳು ಹಾಗೆ ಒದ್ದಾಡ್ತಿದ್ದಳು ಅಂತಲೇ ನಾನು ಮೂವತ್ತು ವರ್ಷ ನಿದ್ದೆ ಮಾಡ್ದೆ," ಎಂದರು. ಆಮೇಲೆ ಆಕೆಯ ಕಡೆ ತಿರುಗಿ, "ಆ ವಾಪಸ್ ಕೊಡೋ ಮಾತು ಇವತ್ತಿಗೆ ಮುಗೀತು ಆರ್ಲಿಸ್. ಕಾರು ನಿನ್ನದು. ಮೀನು ತಣ್ಣಗಾಗ್ತಿದೆ, ತಿನ್ನು."

ನಾರ್ಬರ್ಟ್ ಮೂಗು ಒರೆಸಿಕೊಂಡ. ಗೇಲಾರ್ಡ್ ಮೆನು ಕಾರ್ಡನ್ನು ಮತ್ತೆ ಮೊದಲಿನಿಂದ ಓದತೊಡಗಿದ. ಆರ್ಲಿಸ್ ಒಂದು ತುಣುಕು ಬಾಯಿಗಿಟ್ಟಳು, ಅಗಿದಳು, ನಿಲ್ಲಿಸಿದಳು. ಕಣ್ಣು ಕಿಟಕಿಯಾಚೆ, ಕಾರು ನಿಲ್ಲಿಸಿದ ಕಡೆ. ಇಂಥ ಹೊತ್ತಿನಲ್ಲಿ ಯಾರಾದರೂ ಒಂದು ಒಳ್ಳೆಯ ಮಾತು ಆಡಬೇಕಲ್ಲ ಎಂದು, ಪಕ್ಕದಲ್ಲಿ ಬೆಂಚಿನ ತುದಿಗೆ ಕೂತಿದ್ದ ನಾನು ಆಡಿದೆ.

"ಅಂತೂ ಕಾರು ಪೂರ್ತಿ ನಿಮ್ಮದೇ ಆಯ್ತು. ಇನ್ನು ಮೇಲೆ ನೆಮ್ಮದಿ, ಅಲ್ವೇನ್ರೀ ಆರ್ಲಿಸ್?"

"ಇಷ್ಟು ದಿನ ಕೆಟ್ಟಿದ್ರೆ ಡಾಕ್ಟ್ರ ಕಾರು ಕೆಡ್ತಿತ್ತು, ಈಗ ನನ್ನ ಕಾರು ಕೆಡುತ್ತೆ. ಏಳ್ರೀ ಮೇಲೆ, ದಾರಿ ಬಿಡಿ, ಕೆಳಗೆ ಆಯಿಲ್ ಸೋರಿದ್ಯಾ ನೋಡ್ಬೇಕು."